ಅಂಗಿ ಸುತ್ತಿಕೊಟ್ಟ ಕ್ಯಾಲೆಂಡರ್ ಹಾಳೆ

ನಮ್ಮದು ಇಸ್ತ್ರಿ ಅಂಗಡಿ. ನನ್ನ ಗಂಡನಿಗೆ ಹದಿನೆಂಟನೇ ವಯಸ್ಸಿನಿಂದ ಫಿಟ್ಸ್. ಹಳೆಯ ಮಾತ್ರೆ ಸಾಲುತ್ತಿಲ್ಲವೆಂದು ಡಾಕ್ಟರು ಅದರ ಜೊತೆಗೆ ಹೊಸದೊಂದನ್ನು ಕೊಟ್ಟರು.

"ಮೂರು ತಿಂಗಳು ನೋಡೋಣ. ಫಿಟ್ಸ್ ಬಂದ ದಿನಾನೆಲ್ಲ ಗುರುತು ಹಾಕಿಡಿ," ಎಂದರು.

ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತಾ ಬಂದೆ. ಅತ್ತೆಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು.

"ಗಿರಾಕಿಗಳು ಏನಿದು ಅಂತ ಕೇಳ್ತಾರೆ. ನಾಲ್ಕು ಜನಕ್ಕೆ ಗೊತ್ತಾದ್ರೆ ಯಾರು ಬಟ್ಟೆ ಕೊಡ್ತಾರೆ?" ಎಂದವರೇ ಹಾಳೆಗಳನ್ನು ಹರಿದು, ಯಾರದೋ ಅಂಗಿಗಳನ್ನು ಅವುಗಳಲ್ಲೇ ಸುತ್ತಿ ಕೊಟ್ಟುಬಿಟ್ಟರು. ಹನ್ನೊಂದು ಗುರುತುಗಳಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರು, "ಎಷ್ಟು ಸಲ ಬಂತು?" ಎಂದರು.

"ಒಂದೇ ಸಲ, ಸಾರ್," ಎಂದರು ನನ್ನ ಗಂಡ. ನಿಜ ಹೇಳಿದರೆ ಇಸ್ತ್ರಿ ಪೆಟ್ಟಿಗೆ ಮುಟ್ಟಬೇಡಿ ಅನ್ನುತ್ತಾರೆಂಬ ಭಯ.

"ಹಾಗಾದ್ರೆ ಹೊಸ ಮಾತ್ರೆ ಹಿಡೀತಾ ಇದೆ. ಇದೇ ಪ್ರಮಾಣ ಇರ್ಲಿ." ಡಾಕ್ಟರ ಮುಖದಲ್ಲಿದ್ದ ಆ ಖುಷಿ ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಹನ್ನೆರಡನೆಯದು ಇಸ್ತ್ರಿ ಮೇಜಿನ ಮುಂದೆಯೇ ಬಂತು. ಕಾದ ಪೆಟ್ಟಿಗೆ ಬಲಗೈ ಮೇಲೆ ಬಿತ್ತು. ಮೂರು ಬೆರಳುಗಳು ಇನ್ನು ಮಡಚುವುದಿಲ್ಲ.

ಬ್ಯಾಂಡೇಜು ಬದಲಿಸಲು ನರ್ಸಕ್ಕ ಮನೆಗೆ ಬಂದಾಗ ಗುರುತುಗಳ ಲೆಕ್ಕವನ್ನೆಲ್ಲ ನಾನು ಹೇಳಿಬಿಟ್ಟೆ. ಅತ್ತೆ ಅವರ ಮೇಲೇ ಹರಿಹಾಯ್ದರು. "ಆ ಹೊಸ ಮಾತ್ರೆನೇ ದಂಡ. ಇವತ್ತಿಂದ ಬಂದ್!"

"ಅಜ್ಜಿ, ದಿಢೀರಂತ ನಿಲ್ಲಿಸಿದ್ರೆ ಒಂದರ ಹಿಂದೊಂದು ಫಿಟ್ಸ್ ಬಂದು ಜೀವಕ್ಕೇ ಕುತ್ತು. ಮಾತ್ರೆ ದಂಡವೋ ಅಲ್ವೋ, ಡಾಕ್ಟರಿಗೆ ಹೇಗೆ ಗೊತ್ತಾಗ್ಬೇಕು? ಹನ್ನೊಂದು ಅಂದಿದ್ರೆ ಪ್ರಮಾಣ ಬದಲಾಯಿಸ್ತಿದ್ರು, ಇಲ್ಲಾ ಬೇರೆ ಮಾತ್ರೆ ನೋಡ್ತಿದ್ರು. ನೀವು ಒಂದು ಅಂದ್ರಿ."

ಅತ್ತೆ ಮಗನ ಕೈಯನ್ನೇ ನೋಡುತ್ತಾ ಕುಳಿತರು. "ಹಾಳೆ ಹರಿದಿದ್ದು ನಾನೇ," ಎಂದರು. ನಾನು ಸಮಾಧಾನ ಹೇಳಲಿಲ್ಲ, ಹೇಳಬೇಕೆನಿಸಲೂ ಇಲ್ಲ.

ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಬುದ್ಧಿ. ಈ ಸಲ ನಿಜ ಹೇಳಿದೆವು. ಡಾಕ್ಟರು ಪ್ರಮಾಣವನ್ನು ನಿಧಾನವಾಗಿ ಬದಲಿಸಿದರು. ಈಗ ಎರಡು ತಿಂಗಳಲ್ಲಿ ಒಂದೇ ಗುರುತು, ಅದನ್ನು ಹಾಕಿದವರು ಅತ್ತೆ. ಇಸ್ತ್ರಿ ನಾನು ಮಾಡುತ್ತೇನೆ. ನನ್ನ ಗಂಡ ಎಡಗೈಯಲ್ಲಿ ಬಟ್ಟೆ ಮಡಿಸುತ್ತಾರೆ. ಒಬ್ಬ ಗಿರಾಕಿಯೂ ನಮ್ಮನ್ನು ಬಿಟ್ಟುಹೋಗಲಿಲ್ಲ. ಯಾರಿಗೆ ಹೆದರಿ ಹಾಳೆ ಹರಿದೆವೋ ಅವರೇ ದಿನಾ ಬಂದು ಕೈ ಹೇಗಿದೆ ಎಂದು ಕೇಳುತ್ತಾರೆ.

ಓದುವವರೇ, ನಿಮ್ಮ ಮನೆಯಲ್ಲಿ ಯಾರಾದರೂ ಫಿಟ್ಸಿಗೆ ಹೊಸ ಮಾತ್ರೆ ಶುರುಮಾಡಿದ್ದರೆ ಬಂದ ಫಿಟ್ಸು, ತಪ್ಪಿದ ಮಾತ್ರೆ, ತಲೆಸುತ್ತು, ಸಿಡುಕು ಎಲ್ಲವನ್ನೂ ಬರೆದಿಡಿ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಎಷ್ಟು ಸಲ ಬಂತು ಎಂದಾಗ ರೋಗಿ ಸುಳ್ಳು ಹೇಳಿದರೆ, ಪಕ್ಕದಲ್ಲಿ ಕುಳಿತ ನೀವು ಬಾಯಿ ಬಿಡಿ. ಅವತ್ತು ಪಕ್ಕದಲ್ಲಿ ಕುಳಿತಿದ್ದವಳು ನಾನೇ. ನನಗೆ ಲೆಕ್ಕ ಗೊತ್ತಿತ್ತು.