ಅಶ್ವತ್ಥಮ್ಮನ ಹೆಬ್ಬೆಟ್ಟು

ಪೀಣ್ಯದ ಸುತ್ತ ಕಾರ್ಖಾನೆಗಳು ಏಳುತ್ತಿದ್ದ ಕಾಲ. ನಾಗಸಂದ್ರದ ಹೆಂಗಸರಿಗೆ ವತ್ಸಲಾ ಮೇಡಂ ಓದುಬರಹದ ಜೊತೆಗೆ, ಹೊಸೆದ ಊದುಬತ್ತಿಯನ್ನು ತಾವೇ ಅಂಗಡಿಗೆ ಮಾರುವುದನ್ನೂ ಕಲಿಸುತ್ತಿದ್ದರು. ಅಶ್ವತ್ಥಮ್ಮ ಪೊಟ್ಟಣದ ಮೇಲೆ ತನ್ನ ಹೆಸರು ಬರೆದು ತಂದ ದಿನ ಗಂಡ ಗೋಪಾಲಪ್ಪನ ಪಿತ್ತ ನೆತ್ತಿಗೇರಿತು.

"ಮನೇಲಿ ಗಂಡಸು ಸತ್ತೋಗವ್ನಾ, ನಿನ್ನೆಸ್ರು ಆಕ್ಕೊಳಾಕೆ?"

ಜಡೆ ಹಿಡಿದು ಒಲೆಯ ಮುಂದೆ ಕೆಡವಿ, ಕಾದ ರೊಟ್ಟಿ ಹೆಂಚಿಗೆ ಅವಳ ಎರಡೂ ಕೈಗಳನ್ನು ಒತ್ತಿ ಹಿಡಿದ. ಚರ್ಮ ಹೆಂಚಿಗೇ ಅಂಟಿಕೊಂಡಿತು. ಗಾಯವೇನೋ ಮಾಯಿತು, ಬೆರಳ ತುದಿಯ ಗೆರೆಗಳು ಮಾತ್ರ ಮತ್ತೆ ಮೂಡಲಿಲ್ಲ.

ಮರುವರ್ಷ ಕಾರ್ಖಾನೆಯವನೊಬ್ಬ ಅವಳ ಹೆಸರಿನಲ್ಲಿದ್ದ ತವರಿನ ಜಮೀನು ಕೇಳಿಕೊಂಡು ಬಂದ. ಗೋಪಾಲಪ್ಪ ಅವಳನ್ನು ರಿಜಿಸ್ಟ್ರಾರ್ ಕಚೇರಿಗೆ ಎಳೆದೊಯ್ದು, ಎಲ್ಲರೆದುರೇ ಮಣಿಕಟ್ಟು ತಿರುಚಿ ಹೆಬ್ಬೆಟ್ಟನ್ನು ಕ್ರಯಪತ್ರಕ್ಕೆ ಒತ್ತಿಸಿದ. ಎಷ್ಟು ಸಲ ಒತ್ತಿಸಿದರೂ ಬರೀ ಮಸಿಯ ಮುದ್ದೆ.

"ಗೆರೆ ಇಲ್ದಿರೋ ಹೆಬ್ಬೆಟ್ಟು ನಡೆಯಲ್ಲ. ರುಜು ಬಂದ್ರೆ ಹಾಕ್ಲಿ," ಎಂದ ಅಧಿಕಾರಿ.

"ಬತ್ತದೆ ಸಾರ್, ಚೆಂದಾಗೇ ಬರೀತಾಳೆ," ಎಂದು ಗೋಪಾಲಪ್ಪ ಅವಳ ಕೈಗೆ ಪೆನ್ನು ತುರುಕಿದ.

ಅಶ್ವತ್ಥಮ್ಮ ಪೆನ್ನನ್ನು ಮೇಜಿನ ಮೇಲಿಟ್ಟಳು.

"ಬರಾಕಿಲ್ಲ ಸಾರ್. ಇವ್ರು ಕಲಿಯಾಕೆ ಬಿಡ್ಲಿಲ್ಲ."