ಭಾವನ ಗಾಡಿಯ ವರದಿ

ಗುದ್ದಿಸಿಕೊಂಡ ಗಾಡಿಗಳನ್ನು ನೋಡಿ ಇಷ್ಟು ನಷ್ಟ ಅಂತ ಬರೆದುಕೊಡುವ ಕೆಲಸದಲ್ಲಿ ಅವಳು ಹತ್ತೊಂಬತ್ತು ವರ್ಷ ಕಳೆದಿದ್ದಳು. ವಿಮಾ ಕಂಪನಿಗಳ ಕಾಗದದಲ್ಲಿ ಸರ್ವೇಯರ್, ಗ್ಯಾರೇಜುಗಳಲ್ಲಿ ಟಾರ್ಚ್ ಮೇಡಂ. ಹಾಡಹಗಲಲ್ಲೂ ಟಾರ್ಚ್ ಹಿಡಿದು ಗಾಡಿಯ ಅಡಿಗೆ ತೂರುತ್ತಿದ್ದಳು, ಅದಕ್ಕೆ ಆ ಹೆಸರು. "ನಿಲ್ಲಿಸಿದ ಗಾಡಿಗೆ ಯಾರೋ ಗುದ್ದಿ ಹೋದ್ರು ಮೇಡಂ" ಅಂತ ಯಾರಾದರೂ ಶುರುಮಾಡಿದರೆ ಅವಳ ಮೂಗಿನ ಎಡಹೊಳ್ಳೆ ಒಂದಿಷ್ಟು ಮೇಲೇಳುತ್ತಿತ್ತು. ಬಾಯಿಬಿಟ್ಟು ಬೈದಿದ್ದರೆ ಜನ ತಡೆದುಕೊಳ್ಳುತ್ತಿದ್ದರೇನೋ. ಆ ಹೊಳ್ಳೆ ನೋಡಿ ಎಷ್ಟೋ ಮಂದಿ ತಾವಾಗಿಯೇ ನಿಜ ಒಪ್ಪಿಕೊಂಡಿದ್ದರು.

ಆದರೆ ಆ ಹೊಳ್ಳೆಗೆ ಹೆಚ್ಚು ಕೆಲಸ ಬೀಳುತ್ತಿದ್ದದ್ದು ಅಕ್ಕನ ಮನೆಯಲ್ಲಿ, ಭಾವನ ಎದುರು.

ಭಾವ ಸ್ನಾನದ ಮನೆಯ ಸಾಮಾನು ಮಾರುವ ದೊಡ್ಡ ಅಂಗಡಿಯ ಮ್ಯಾನೇಜರ್. ಬೆಳಗಿಂದ ಸಂಜೆಯವರೆಗೆ ನಲ್ಲಿ, ಬೇಸಿನ್ನು, ಕಮೋಡುಗಳ ನಡುವೆ ಟೈ ಕಟ್ಟಿಕೊಂಡು ಓಡಾಡುವ ಮನುಷ್ಯ. ಮನೆಗೆ ಬಂದರೆ ಮಾತ್ರ ಬಾಯಲ್ಲಿ ಬರೀ ಟರ್ಬೊ, ಟಾರ್ಕ್, ಅಶ್ವಶಕ್ತಿ. ಊಟಕ್ಕೆ ಕೂತಾಗಲೂ ಫೋನಿನಲ್ಲಿ ಯಾವುದೋ ಎಂಜಿನ್ನಿನ ಸದ್ದು ಹಾಕಿಕೊಂಡು, ಕಣ್ಣು ಅರೆಮುಚ್ಚಿ, "ಕೇಳಿಸ್ಕೊಳಮ್ಮ, ಸೊನ್ನೆಯಿಂದ ನೂರಕ್ಕೆ ನಾಲ್ಕು ಸೆಕೆಂಡು!" ಅನ್ನುತ್ತಿದ್ದ. ಅವಳು ಬೆನ್ನ ಹಿಂದೆ ಅವನಿಗೆ ನಾಲ್ಕು ಸೆಕೆಂಡ್ ಭಾವ ಅಂತಲೇ ಹೆಸರಿಟ್ಟಿದ್ದಳು. ಬೂಟಿನ ದಾರ ಕಟ್ಟುವುದಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುವವನು. ಗಾಡಿ ಇಲ್ಲದೆ ಇದ್ದರೂ ಗಾಡಿ ಓಡಿಸುವಾಗ ಹಾಕಿಕೊಳ್ಳುವ ಚರ್ಮದ ಕೈಗವುಸು ತಂದಿಟ್ಟುಕೊಂಡವನು. ಇಂಥವನನ್ನು ಅಕ್ಕ ಇಪ್ಪತ್ತನಾಲ್ಕು ವರ್ಷದಿಂದ ಹೇಗೆ ಸಹಿಸಿಕೊಂಡಿದ್ದಾಳೆ ಅನ್ನುವುದು ಅವಳಿಗೆ ಬಗೆಹರಿಯದ ವಿಷಯ.

ಅಕ್ಕ ದುಡಿಮೆಗಾರ್ತಿ. ಬಾಡಿಗೆಗೆ ಹಿಡಿದ ಮೊದಲ ಮಹಡಿಯ ಹಾಲಿನಲ್ಲಿ ಹನ್ನೊಂದು ಹೊಲಿಗೆ ಯಂತ್ರ, ಆಸ್ಪತ್ರೆಗಳಿಗೆ ಶಾಲೆಗಳಿಗೆ ಸಮವಸ್ತ್ರ. ಬಟ್ಟೆ ಕತ್ತರಿಸುವುದರಿಂದ ಹಿಡಿದು ಹಳೇ ವ್ಯಾನಿನಲ್ಲಿ ಮೂಟೆ ಹೇರಿಕೊಂಡು ಹೋಗಿ ಇಳಿಸಿ ಬರುವವರೆಗೆ ಎಲ್ಲ ಅವಳೇ. ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಭಾವನೇ ಆಡಿಬಿಡುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ ಭಾವ ಫೋನು ಮಾಡಿ ಕರೆಸಿದ. ಹೋಗಿ ನೋಡಿದರೆ ಊಟದ ಮೇಜಿನ ಮೇಲೆ ಕಾಗದದ ರಾಶಿ, ಎದುರಿಗೆ ಸಾಲ ಕೊಡಿಸುವ ಏಜೆಂಟ್. ಭಾವನ ಮುಖ ಆಗತಾನೇ ಉಜ್ಜಿಟ್ಟ ನಲ್ಲಿಯ ಹಾಗೆ ಹೊಳೆಯುತ್ತಿತ್ತು.

"ಸಿಕ್ತಮ್ಮ! ಎರಡು ಬಾಗಿಲಿಂದು. ಆರು ವರ್ಷ ಹಳೇದು, ಒಬ್ಬರೇ ಓನರ್, ಹಲ್ಲಿನ ಡಾಕ್ಟ್ರು. ಮುನ್ನೂರ ಹತ್ತು ಅಶ್ವಶಕ್ತಿ!"

"ಕಮೋಡು ಸಾಗಿಸೋಕಾ ಭಾವ?"

ಏಜೆಂಟ್ ಕೆಮ್ಮಿದ. ಭಾವ ಜೋರಾಗಿ ನಕ್ಕ. ಅವಳು ಏನಂದರೂ ಅವನು ನಗುತ್ತಿದ್ದ. ಅದೂ ಅವಳಿಗೆ ಮೈ ಉರಿಯುವ ಸಂಗತಿ. ಇವನಿಗೆ ಚುಚ್ಚಿದರೂ ಗೊತ್ತಾಗುವುದಿಲ್ಲವಲ್ಲ ಅಂತ.

ಏಜೆಂಟ್ ಲೆಕ್ಕ ಒಪ್ಪಿಸಿದ. ಏಳು ವರ್ಷದ ಸಾಲ. ತಿಂಗಳ ಕಂತು ಹಗುರ. ಆದರೆ ಗಾಡಿಯ ಬೆಲೆಯ ಮೂರನೇ ಒಂದು ಭಾಗ ಕೊನೆಗೆ ಉಳಿದಿರುತ್ತದೆ, ಅದನ್ನು ಒಂದೇ ಸಲ ಕಟ್ಟಬೇಕು.

"ಆ ಕೊನೇ ಕಂತು ಯಾರು ಕಟ್ತಾರೆ?" ಅಂದಳು ಅವಳು.

"ಅಷ್ಟರೊಳಗೆ ಮಾರಿಬಿಡೋದು!" ಅಂದ ಭಾವ.

"ಹದಿಮೂರು ವರ್ಷದ ಗಾಡೀನ ಯಾರು ತಗೋತಾರೆ? ಇನ್ನೊಬ್ಬ ನಿಮ್ಮಂಥವರು ಹುಟ್ಟಿರಬೇಕಲ್ಲ."

ಅಕ್ಕ ಮೂಲೆಯ ಕುರ್ಚಿಯಲ್ಲಿ ಕೂತು ಯಾವುದೋ ಕೋಟಿನ ತೋಳು ಬಿಚ್ಚುತ್ತಿದ್ದಳು. ತಲೆಯೆತ್ತದೆ ಕೇಳಿದಳು: "ಇಂಥ ಗಾಡಿಗೆ ಟೈರು ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕಾಗತ್ತೆ? ವಿಮೆ ವರ್ಷಕ್ಕೆ ಎಷ್ಟು ಬರತ್ತೆ?"

ಪಾಪ, ಖರ್ಚಿಗೆ ಹೆದರಿದ್ದಾಳೆ ಅಂದುಕೊಂಡಳು ತಂಗಿ. ವಿಮೆಗೆ ಕೂಡಿಸಿ, ಟೈರಿಗೆ ಕೂಡಿಸಿ, ಬೇಕೆಂದೇ ಒಂದಿಷ್ಟು ಏರಿಸಿ ಹೇಳಿದಳು. ಅಕ್ಕ "ಹೂಂ" ಅಂದು ದಾರ ಕಿತ್ತಳು. ಆಮೇಲೆ ತಂಗಿ ಅರ್ಜಿಯತ್ತ ಕಣ್ಣು ಹಾಯಿಸಿದರೆ, ಸಾಲಗಾರರ ಜಾಗದಲ್ಲಿ ಮೊದಲ ಹೆಸರೇ ಅಕ್ಕನದು! ಭಾವನದು ಕೆಳಗೆ, ಜೊತೆ ಅರ್ಜಿದಾರ ಅಂತ. ಅವಳ ಹೊಳ್ಳೆ ಎದ್ದದ್ದು ಇಳಿಯಲೇ ಇಲ್ಲ. ಹೆಂಡತಿಯ ಹನ್ನೊಂದು ಯಂತ್ರಗಳನ್ನು ತುಳಿಸಿ ತಾನು ಕೈಗವುಸು ಹಾಕಿಕೊಂಡು ಮೆರೆಯುವ ಯೋಚನೆ.

"ಗಾಡಿ ಸರಿಯಿದೆ ಅಂತ ಸರ್ವೇಯರ್ ವರದಿ ಬೇಕು," ಅಂದ ಏಜೆಂಟ್. "ನಮ್ಮ ಪಟ್ಟೀಲಿ ಮೇಡಂ ಹೆಸರೂ ಇದೆ."

"ನಾನೇ ನೋಡ್ತೀನಿ," ಅಂದಳು.

ಬುಧವಾರ ಗಾಡಿಯನ್ನು ಗ್ಯಾರೇಜಿನ ಲಿಫ್ಟಿಗೆ ಏರಿಸಿದರು. ಅಕ್ಕನಿಗೆ ಅವತ್ತು ಆಸ್ಪತ್ರೆಯೊಂದಕ್ಕೆ ಮಾಲು ಮುಟ್ಟಿಸುವುದಿತ್ತು. ಬಂದವನು ಭಾವ ಒಬ್ಬನೇ. ಬೂದಿ ಬಣ್ಣದ ತಗ್ಗು ಗಾಡಿ, ಬೆನ್ನು ಬಾಗಿಸಿ ಹೊಂಚುಹಾಕಿದ ಬೆಕ್ಕಿನ ಹಾಗಿತ್ತು. ಹಲ್ಲಿನ ಡಾಕ್ಟರು ಪಕ್ಕದಲ್ಲಿ ಕೈಕಟ್ಟಿ ನಿಂತು ಭಾವನ ಬೂಟಿನಿಂದ ಟೈವರೆಗೆ ಒಂದು ಸಲ ಕಣ್ಣಾಡಿಸಿದರು.

"ನೀವೇನು ಮಾಡ್ಕೊಂಡಿದೀರಿ?"

"ಬಾತ್‌ರೂಮ್ ಫಿಟಿಂಗ್ಸ್ ಸಾರ್. ನಮ್ಮಲ್ಲಿ ಈಗ ಹೊಸ ಶವರ್ ಬಂದಿದೆ—"

"ಇದು ಕಂತಿನಲ್ಲಿ ಕೊಳ್ಳೋ ಗಾಡಿ ಅಲ್ಲ ನೋಡಿ," ಅಂದರು ಡಾಕ್ಟರು, ಹೆದರಿದ ಮಗುವಿಗೆ ಬಾಯಿ ತೆರೆ ಅನ್ನುವ ದನಿಯಲ್ಲಿ. "ನಮ್ಮಂಥವರು ಎರಡನೇ ಗಾಡಿಯಾಗಿ ಇಟ್ಕೊಳ್ತೀವಿ. ಒಂದು ಬ್ರೇಕ್ ಡಿಸ್ಕ್ ಹಾಕಿಸೋ ದಿನ ನಿಮಗೆ ಗೊತ್ತಾಗತ್ತೆ."

ಭಾವ ಹೆಹೆ ಅಂದ. ಡಾಕ್ಟರ ಕಣ್ಣು ಅವಳ ಕಣ್ಣನ್ನು ಹುಡುಕಿ ಬಂತು, ನಾವಿಬ್ಬರೂ ಒಂದೇ ಪಂಗಡ ಅನ್ನುವ ಹಾಗೆ. ಅವಳು ಕಣ್ಣು ಕದಲಿಸಿ ಗಾಡಿಯ ಅಡಿಗೆ ಸರಿದಳು.

ಒಂದೂವರೆ ಗಂಟೆ ನೋಡಿದಳು. ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟಲ್ಲೆಲ್ಲ ಒಂದೇ ಅಂಕಿ, ಎಲ್ಲೂ ಮತ್ತೆ ಬಣ್ಣ ಬಳಿದಿಲ್ಲ. ಬಾಗಿಲಿನ ಬೋಲ್ಟುಗಳಿಗೆ ಸ್ಪ್ಯಾನರ್ ಮುಟ್ಟಿದ ಗುರುತಿಲ್ಲ. ಗಾಡಿಯ ಬೆನ್ನೆಲುಬಾದ ಚಾಸಿ ಕಂಪನಿಯಿಂದ ಬಂದ ಹಾಗೇ ಇದೆ. ಟೈರುಗಳು ಸಮನಾಗಿ ಸವೆದಿವೆ, ಎಣ್ಣೆ ಎಲ್ಲೂ ಜಿನುಗಿಲ್ಲ, ಸರ್ವೀಸ್ ಪುಸ್ತಕದಲ್ಲಿ ಒಂದು ಮೊಹರೂ ತಪ್ಪಿಲ್ಲ. ವರ್ಷಕ್ಕೆ ಒಂದು ಇಂಥ ಗಾಡಿ ಸಿಕ್ಕರೆ ಹೆಚ್ಚು. ಬೇರೆ ಯಾರಾದರೂ ಕರೆದಿದ್ದರೆ "ಕಣ್ಣು ಮುಚ್ಚಿ ತಗೊಳ್ಳಿ" ಅನ್ನುತ್ತಿದ್ದಳು. ಲಿಫ್ಟಿನ ಕೆಳಗಿನಿಂದ ಕಂಡದ್ದು ಭಾವನ ಬೂಟುಗಳು ಮಾತ್ರ. ಒಂದರ ದಾರ ಬಿಚ್ಚಿಕೊಂಡು ಗ್ರೀಸಿನಲ್ಲಿ ನೆನೆಯುತ್ತಿತ್ತು. ಇವನಿಗೆ ಇದು ಸಿಗಬಾರದು ಅಂದುಕೊಂಡಳು. ಅಕ್ಕನನ್ನು ಉಳಿಸುತ್ತಿದ್ದೇನೆ ಅನ್ನುವುದು ಅದರ ಹಿಂದಿನಿಂದ ಬಂದ ಯೋಚನೆ.

ಅವತ್ತೇ ಸಂಜೆ ವರದಿ ಬರೆದಳು. ಎಡಗಡೆ ಮುಂದಿನ ಚಾಸಿ ತುಂಡಾಗಿ ವೆಲ್ಡಿಂಗ್ ಆಗಿದೆ, ಸಾಲಕ್ಕೆ ಯೋಗ್ಯವಲ್ಲ. ಹತ್ತೊಂಬತ್ತು ವರ್ಷದಲ್ಲಿ ಬರೆದ ಮೊದಲ ಸುಳ್ಳು. ಸಹಿ ಹಾಕಿ ಕಳಿಸಿದಳು. ಫೋನಿನಲ್ಲಿ ಹೇಳಿದಾಗ ಭಾವ, "ನೀನು ನೋಡಿದ ಮೇಲೆ ಮುಗೀತು ಬಿಡಮ್ಮ," ಅಂದ. ಅವಳು ಹೊಟ್ಟೆ ತುಂಬ ಊಟ ಮಾಡಿ ಮಲಗಿದಳು.

ಹನ್ನೆರಡು ದಿನದ ಮೇಲೆ ಅಕ್ಕ ಕರೆ ಮಾಡಿದಳು. "ಹಾಲ್‌ಗೆ ಬಾ. ಈಗಲೇ."

ಹೊಲಿಗೆಯ ಹೆಣ್ಣುಮಕ್ಕಳು ಮಧ್ಯಾಹ್ನದ ಊಟಕ್ಕೆ ಹೋಗಿದ್ದರು. ಯಂತ್ರಗಳೆಲ್ಲ ನಿಂತಿದ್ದವು. ಅಕ್ಕ ಕತ್ತರಿಸುವ ಮೇಜಿನ ಮೇಲೆ ಒಂದು ಕಾಗದ ಚಾಚಿದಳು. ಕಂಪನಿಯ ವರ್ಕ್‌ಶಾಪಿನ ಪ್ರಮಾಣಪತ್ರ: ಚಾಸಿಯಲ್ಲಿ ಯಾವ ರಿಪೇರಿಯೂ ಆಗಿಲ್ಲ.

"ಡಾಕ್ಟ್ರು ಇದನ್ನ ಹಿಡ್ಕೊಂಡು ಮೊನ್ನೆ ನಿನ್ನ ಭಾವನ ಅಂಗಡಿಗೆ ನುಗ್ಗಿದ್ರು. ನಿನ್ನ ಲೈಸೆನ್ಸ್ ಕಿತ್ತು ಹಾಕಿಸ್ತೀನಿ ಅಂತ ಗಿರಾಕಿಗಳ ಎದುರಿಗೇ ಕೂಗಾಡಿದ್ರು."

ಅವಳು ಕಾಗದದ ಮೇಲಿನ ಮೊಹರನ್ನು ನೋಡಿದಳು. "ಆಮೇಲೆ?"

"ಆಮೇಲೇನು? ಇವರು ಅಂದ್ರು, ನಾನೇ ನನ್ನ ನಾದಿನಿ ಕೈಲಿ ಹಾಗೆ ಬರೆಸಿದೆ, ಸಾಲ ತೀರಿಸೋ ಯೋಗ್ಯತೆ ನಂಗಿರಲಿಲ್ಲ, ಬೇಡ ಅನ್ನೋಕೆ ನಾಚಿಕೆಯಾಯ್ತು, ಕ್ಷಮಿಸಿ ಅಂತ. ಡಾಕ್ಟ್ರಿಗೆ ಅಷ್ಟೇ ಬೇಕಾಗಿತ್ತು. ನಂಗೆ ಅವತ್ತೇ ಗೊತ್ತಿತ್ತು ಅಂತ ನಕ್ಕೊಂಡು ಹೋದ್ರು. ಅಂಗಡೀಲಿರೋರೂ ನಕ್ಕರಂತೆ."

"ಅಕ್ಕ, ನಾನು ನಿನಗೋಸ್ಕರ... ಆ ಸಾಲ ನಿನ್ನ ತಲೆ ಮೇಲೆ ಬೀಳ್ತಿತ್ತು. ಅವರ ಶೋಕಿಗೆ ನೀನ್ಯಾಕೆ—"

"ಗಾಡಿ ನನಗೆ ಬೇಕಾಗಿತ್ತು."

"ನಿನಗಾ?"

"ನನಗೆ ಕಣೇ. ಟೆಸ್ಟ್ ಡ್ರೈವ್ ಮಾಡಿದ್ದು ನಾನು. ಹೊರವರ್ತುಲ ರಸ್ತೇಲಿ ಅರ್ಧ ಗಂಟೆ ಓಡಿಸ್ದೆ. ಇವರು ಪಕ್ಕದಲ್ಲಿ ಹ್ಯಾಂಡಲ್ ಹಿಡ್ಕೊಂಡು ಬೆವರ್ತಾ ಕೂತಿದ್ರು. ಇಪ್ಪತ್ತೆರಡು ವರ್ಷ ಆ ಡಕೋಟ ವ್ಯಾನ್ ಎಳೆದಿದೀನಿ. ಕೊನೇ ಕಂತಿಗೆ ಅಂತ ಈಗಿನಿಂದಲೇ ಬೇರೆ ಇಡೋದು ಅಂತ ಲೆಕ್ಕ ಹಾಕಿದ್ದೆ. ಇವರಿಗೆ ಗಾಡಿ ಬಗ್ಗೆ ಮಾತಾಡೋಕೆ ಬರತ್ತೆ, ಓಡಿಸೋಕೆ ಬರೋದು ನಂಗೆ."

"ಮತ್ತೆ ಅವತ್ತು ಯಾಕೆ ಬಾಯಿ ಬಿಡಲಿಲ್ಲ ನೀನು?"

ಅಕ್ಕ ಕತ್ತರಿಯನ್ನು ಮೇಜಿನ ಅಂಚಿಗೆ ಸರಿಸಿಟ್ಟಳು. "ಹೇಳಿದ್ರೆ ನೀನು ನಿನ್ನ ಭಾವನ್ನ ನೋಡೋ ಹಾಗೇ ನನ್ನನ್ನೂ ನೋಡ್ತಿದ್ದೆ. ಅವರು ಹೆಂಗೋ ತಡ್ಕೋತಾರೆ. ನಂಗಾಗಲ್ಲ."

ಮೆಟ್ಟಿಲ ಮೇಲೆ ಹೆಣ್ಣುಮಕ್ಕಳ ಚಪ್ಪಲಿ ಸದ್ದು ಕೇಳಿಸಿತು. ಅಕ್ಕ ಪ್ರಮಾಣಪತ್ರವನ್ನು ಮಡಚಿ ಅವಳ ಕೈಗೆ ತುರುಕಿ, ಯಂತ್ರದ ಸ್ವಿಚ್ ಹಾಕಿದಳು.

ಅಲ್ಲಿಂದ ನೇರ ಭಾವನ ಅಂಗಡಿಗೆ ಹೋದಳು. ಸಾಲಾಗಿ ನಿಲ್ಲಿಸಿದ ಬಿಳಿ ಕಮೋಡುಗಳ ನಡುವೆ ಅವನು ದಂಪತಿಗೆ ಮುಚ್ಚಳ ಬಿಟ್ಟು ತೋರಿಸುತ್ತಿದ್ದ. "ನೋಡಿ, ಕೈ ಬಿಟ್ರೂ ಸದ್ದಿಲ್ಲ!" ಮುಚ್ಚಳ ಸೋಮಾರಿಯಂತೆ ನಿಧಾನವಾಗಿ ಇಳಿಯಿತು. ಅವಳು ದಾರಿಯುದ್ದಕ್ಕೂ ಕ್ಷಮೆ ಕೇಳುವ ಎರಡು ಮಾತು ಜೋಡಿಸಿಕೊಂಡು ಬಂದಿದ್ದಳು. ಆ ಮುಚ್ಚಳ, ಆ ಟೈ, ಆ ಹಲ್ಕಿರಿತ ನೋಡಿದ ಕೂಡಲೇ ಎರಡೂ ನಾಲಿಗೆಯ ಹಿಂದಕ್ಕೆ ಸರಿದವು.

ದಂಪತಿ ಬೆಲೆ ಕೇಳಿ ಹೊರಟರು. ಭಾವ ಅವಳ ಹತ್ತಿರ ಬಂದು ದನಿ ತಗ್ಗಿಸಿದ.

"ಒಂದು ನಿಜ ಹೇಳಮ್ಮ. ಗಾಡಿ ಹೆಂಗಿತ್ತು?"

"ಒಂದು ಗೀರೂ ಇರಲಿಲ್ಲ ಭಾವ."

"ಹೇಳಿರಲಿಲ್ವಾ ನಾನು!" ಭಾವ ಗೆದ್ದವನಂತೆ ಚಪ್ಪಾಳೆ ತಟ್ಟಿದ. "ಸದ್ದು ಕೇಳೇ ಹೇಳಿದ್ದೆ. ನನ್ನ ಕಿವಿ ಅಂದ್ರೆ ಏನಂದ್ಕೊಂಡಿದೀಯ! ನೀನು ಮೀಟರ್ ಇಟ್ಟು ಹೇಳ್ತೀಯ, ನಾನು ಕಿವೀಲೇ ಹೇಳ್ತೀನಿ."

ಮೂರ್ಖ ಅಂದುಕೊಂಡಳು. ಮೂಗಿನ ಹೊಳ್ಳೆ ತನ್ನ ಪಾಡಿಗೆ ತಾನು ಎದ್ದೇಬಿಟ್ಟಿತು. ನಾಲ್ಕು ಜನರ ಎದುರು ಮರ್ಯಾದೆ ಕಳೆದುಕೊಂಡು ತನ್ನ ಅನ್ನ ಉಳಿಸಿಕೊಟ್ಟವನ ಮೇಲೂ ಇದು ಏಳುತ್ತದಲ್ಲ, ಅಂತ ತನ್ನ ಮೇಲೇ ಹೇಸಿಗೆಯಾಯಿತು. ಹಾಗಂತ ಹೊಳ್ಳೆ ಇಳಿಯಲಿಲ್ಲ. ಕರ್ಚೀಫು ತೆಗೆದು ಮೂಗು ಮುಚ್ಚಿಕೊಂಡಳು.

"ಧೂಳಾ? ಈ ಪ್ಯಾಕಿಂಗ್ ಬಿಚ್ಚಿದ್ರೆ ಹಂಗೇ," ಅಂದ ಭಾವ, ಮತ್ತು ಒಂದು ಲೋಟ ನೀರು ತರಿಸಿದ.

ಮರುದಿನ ಅವಳು ಸಾಲದ ಕಂಪನಿಗೆ ಪತ್ರ ಬರೆದಳು: ವರದಿ ಸುಳ್ಳು, ಬರೆದವಳು ನಾನು, ಯಾರೂ ಬರೆಸಲಿಲ್ಲ. ಅವರು ಅವಳನ್ನು ಪಟ್ಟಿಯಿಂದ ಕಿತ್ತರು. ಸುದ್ದಿ ಹಬ್ಬಿ ಇನ್ನೆರಡು ಕಂಪನಿಗಳು ಕರೆಯುವುದನ್ನು ಬಿಟ್ಟವು. ಪತ್ರದ ಪ್ರತಿ ಹಿಡಿದು ಡಾಕ್ಟರ ಬಳಿಯೂ ಹೋದಳು. ಅವರು ಕೈಗೆ ರಬ್ಬರ್ ಗ್ಲೌಸ್ ಏರಿಸುತ್ತಲೇ ಓದಿ, "ಹಾಗಾದ್ರೆ ಅವನು ಸುಳ್ಳು ಹೇಳಿದ್ನಾ? ಎಂಥ ಕುಟುಂಬಾರೀ ನಿಮ್ಮದು! ಹೇಗೂ ಗಾಡಿ ಹೋಯ್ತು, ಯಾರೋ ನಗದು ಕೊಟ್ಟು ತಗೊಂಡು ಹೋದ್ರು," ಅಂದು ಒಳಗೆ ನಡೆದರು. ಅವರ ನೋಟ ಅವಳಿಗೆ ಚೆನ್ನಾಗಿ ಪರಿಚಯವಿದ್ದ ನೋಟ. ಆದರೆ ಅದನ್ನು ಈ ಕಡೆ ನಿಂತು ನೋಡಿದ್ದು ಅದೇ ಮೊದಲು.

ಅಕ್ಕ ನಾಲ್ಕು ತಿಂಗಳು ಕಾದು ಇನ್ನೊಂದು ಗಾಡಿ ಕೊಂಡಳು. ಕಡುನೀಲಿ, ಶಕ್ತಿ ಸ್ವಲ್ಪ ಕಡಿಮೆ, ವಯಸ್ಸು ಒಂದು ವರ್ಷ ಹೆಚ್ಚು. ಪರೀಕ್ಷೆ ಮಾಡಿಸಿದ್ದು ಬೇರೆ ಸರ್ವೇಯರ್ ಕೈಲಿ. ಅದು ತಂಗಿಗೆ ಗೊತ್ತಾದದ್ದು ಆ ಸರ್ವೇಯರ್ ಬಾಯಿಂದಲೇ.

ಒಂದು ಸಂಜೆ ಮನೆ ಮುಂದೆ ಹಾರ್ನ್ ಕೇಳಿಸಿತು. ಸ್ಟೀರಿಂಗ್ ಹಿಂದೆ ಅಕ್ಕ. ಭಾವ ಮುಂದಿನ ಸೀಟು ಬಗ್ಗಿಸಿ ದಾರಿ ಮಾಡಿಕೊಟ್ಟ. ಹಿಂದಿನ ಸೀಟು ಹೆಸರಿಗೆ ಮಾತ್ರ ಸೀಟು. ಅವಳು ಮಂಡಿಯನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಳು. ಓಣಿ ದಾಟುವ ಮೊದಲೇ ಭಾವ ಶುರುಮಾಡಿದ್ದ: ಈ ಟೈರು ಯಾಕೆ ಅಗಲ, ಈ ಗೇರು ಯಾಕೆ ಏಳು, ಈ ಗಾಡಿ ಮಾಡಿದ ಎಂಜಿನಿಯರನ ತಲೆಯಲ್ಲಿ ಏನಿತ್ತು. ಅರ್ಧಕ್ಕರ್ಧ ತಪ್ಪು. ಅವಳ ಬಾಯಿ ತುದಿಗೆ ಒಂದು ಮಾತು ಬಂತು, ಹರಿತವಾದದ್ದು.

ಕನ್ನಡಿಯಲ್ಲಿ ಅಕ್ಕನ ಕಣ್ಣು ಅವಳ ಮೇಲೇ ನೆಟ್ಟಿತ್ತು.

"ಇಲ್ಲೇ ಇಳೀತೀಯಾ, ಬರ್ತೀಯಾ?"

"ಬರ್ತೀನಿ," ಅಂದಳು.

ಭಾವ ಹಿಂದೆ ತಿರುಗಿ, "ಏನಮ್ಮ, ಏನೋ ಹೇಳೋಕೆ ಹೊರಟಿದ್ದೆ?" ಅಂದ.

"ಏನಿಲ್ಲ ಭಾವ. ನೀವು ಹೇಳಿ."

ಅವನು ಹೇಳುತ್ತಲೇ ಹೋದ. ದೊಡ್ಡ ರಸ್ತೆ ಸಿಕ್ಕಿತು, ಅಕ್ಕ ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದಳು.