ವೆರ್ನರನ ಕೈಗೊಂದು ಹಡಗು

ಯಾನ್ನಿಕ್ ತನ್ನ ಚಿಕ್ಕಪ್ಪನ ಕೊರಳಪಟ್ಟಿ ಹಿಡಿದು ಚರ್ಚಿನ ಮೊಗಸಾಲೆಯ ಗೋಡೆಗೆ ಒತ್ತಿದ. ಗೋಡೆಯ ಕಪಾಟು ಅಲುಗಾಡಿ ಹಾಡಿನ ಪುಸ್ತಕಗಳು ದಬದಬನೆ ನೆಲಕ್ಕೆ ಉದುರಿದವು.

“ಪೆಟ್ಟಿಗೆಯ ತಲೆ ಕಡೆ ಹಿಡಿ ನಂದು. ಸತ್ತಿರೋದು ನಮ್ಮಪ್ಪ. ಗೊತ್ತಾಯ್ತಾ ಚಿಕ್ಕಪ್ಪ?”

“ಬಲಗಡೆ ನೀನು ಹಿಡ್ಕೋ, ಎಡಗಡೆ ನಾನು ಹಿಡೀತೀನಿ ಅಂದೆ ಕಣೋ, ಅಷ್ಟೇ. ನನಗೂ ಅಣ್ಣ ಅಲ್ವಾ ಅವನು? ಬಿಡೋ, ಉಸಿರು ಕಟ್ತಿದೆ,” ಎಂದ ಕ್ರೆಸ್ಟನ್. ಅವನ ಮುಖ ಬೇಯಿಸಿದ ಬೀಟ್‌ರೂಟಿನ ಹಾಗೆ ಕೆಂಪೇರಿತ್ತು.

ಶವಪೆಟ್ಟಿಗೆಯನ್ನು ಹೊರಬೇಕಾಗಿದ್ದ ಉಳಿದ ಗಂಡಸರು ತಮ್ಮ ಬೂಟುಗಳ ತುದಿ ನೋಡಿಕೊಂಡು ನಿಂತರು. ಆ ಬಂದರಿನ ಊರಿನಲ್ಲಿ ಬೇರೆಯವರ ಮನೆಯ ಜಗಳ ಶುರುವಾದರೆ ಎಲ್ಲರಿಗೂ ಬೂಟಿನ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟುತ್ತದೆ.

ಸತ್ತವನ ಹೆಂಡತಿ ಅಗ್ನೇಟೆ ಬಂದು ಮಗನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟಳು. ಹಿಡಿಯಲಿಲ್ಲ, ಎಳೆಯಲಿಲ್ಲ, ಸುಮ್ಮನೆ ಇಟ್ಟಳು. “ನೀನೇ ಹಿಡ್ಕೋ ಕಂದ. ತಲೆ ಕಡೆ ಎರಡೂ ಹಿಡಿ ನಿಂದೇ ಅಂದ್ಕೋ,” ಎಂದಳು. ಯಾನ್ನಿಕ್‌ನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಎಲ್ಲಿ ಮುಟ್ಟಬೇಕು, ಎಷ್ಟು ಮೆಲ್ಲಗೆ ಮಾತಾಡಬೇಕು ಎಂಬ ವಿದ್ಯೆಯನ್ನು ಅವಳು ಗಂಡನ ಕೈಯಲ್ಲಿ ಕಲಿತಿದ್ದಳು. ಅದು ಮಗನ ಮೇಲೂ ನಡೆಯಿತು. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೆ ಹೆಗ್ಗಣದ ಹಲ್ಲು ಯಾರದ್ದು ಎಂಬುದೂ ಹೆತ್ತವಳಿಗೇ ಮೊದಲು ಗೊತ್ತಾಗುವುದು.

ಒಳಗೆ ಪಾದ್ರಿಯಮ್ಮ ಮಾತು ಶುರುಮಾಡಿದಳು. ಚರ್ಚಿನ ನಡುವೆ, ಮಾಡಿನಿಂದ ಇಳಿಬಿಟ್ಟ ಸರಪಳಿಗೆ ಮಾದರಿ ಹಡಗೊಂದು ತೂಗುತ್ತಿತ್ತು. ಅದರ ಮೂತಿ ದೇವರ ಪೀಠದ ಕಡೆಗೆ. ಆ ಕರಾವಳಿಯ ಚರ್ಚುಗಳಲ್ಲಿ ಹಾಗೊಂದು ಹಡಗು ಇರಲೇಬೇಕು, ಮತ್ತು ಈ ಹಡಗನ್ನು ಕಟ್ಟಿದವನು ಕೆಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ ವೆರ್ನರ್.

“ತಲೆ ಎತ್ತಿ ನೋಡಿ. ಎಷ್ಟು ಹಗ್ಗ, ಎಷ್ಟು ಗಂಟು! ಇಂಥ ತಾಳ್ಮೆಯ ಕೈ ನಮ್ಮ ನಡುವೆ ಇತ್ತು,” ಎಂದಳು ಪಾದ್ರಿಯಮ್ಮ. ಬೆಂಚುಗಳಲ್ಲಿ ಮೂಗೊರೆಸುವ ಸದ್ದಾಯಿತು. ಸತ್ತ ಎಮ್ಮೆಗೆ ಸೇರುಗಟ್ಟಲೆ ಹಾಲು. ಪಾದ್ರಿಯಮ್ಮನನ್ನು ದೂರಿ ಫಲವಿಲ್ಲ, ಅವಳು ಆ ಊರಿಗೆ ಬಂದು ಎರಡು ಚಳಿಗಾಲ ಕಳೆದಿರಲಿಲ್ಲ. ಉಳಿದವರಿಗೆ ಆ ನೆಪವೂ ಇರಲಿಲ್ಲ.

ಹಾಡಿಗೆ ಎದ್ದು ನಿಂತಾಗ ಅಗ್ನೇಟೆಯ ಪಕ್ಕದಲ್ಲಿದ್ದ ಸೊಸೆ ಸಿಗ್ನೆ ಪುಸ್ತಕವನ್ನು ಎತ್ತಿ ಹಿಡಿದಳು. ಅಂಗಿಯ ತೋಳು ಜಾರಿತು. ಮಣಿಕಟ್ಟಿನ ಸುತ್ತ ನಾಲ್ಕು ಬೆರಳಿನ ಗುರುತು, ನಡುವೆ ನೀಲಿ, ಅಂಚಿಗೆ ಹಳದಿ. ಅಗ್ನೇಟೆ ನೋಡಿದ್ದನ್ನು ಸಿಗ್ನೆ ನೋಡಿದಳು. ತೋಳು ಎಳೆದುಕೊಳ್ಳಲಿಲ್ಲ.

“ಅತ್ತೆ,” ಹಾಡಿನ ಮರೆಯಲ್ಲಿ ಪಿಸುಗುಟ್ಟಿದಳು. “ಮಾವನಿಗೆ ಮೊದಲ್ನೇ ಹಡಗು ನೀವೇ ತಂದುಕೊಟ್ರಂತೆ. ಯಾವುದು ತಂದ್ರಿ?”

“ಯಾಕಮ್ಮ?”

“ಯಾನ್ನಿಕ್‌ಗೂ ಒಂದು ತರೋಣ ಅಂತ. ಅವನ ಕೈಗೂ ಏನಾದ್ರೂ ಕೆಲಸ ಬೇಕು ಅತ್ತೆ. ಬೇಗ ಬೇಕು.”

*

ಎಸ್ಬಿಯರ್ ಪೇಟೆಯ ಮಾದರಿ ಹಡಗುಗಳ ಅಂಗಡಿಗೆ ಅಗ್ನೇಟೆ ಹೋದದ್ದು ವರ್ಷಗಳ ಹಿಂದೆ, ಒಂದು ನವೆಂಬರಿನಲ್ಲಿ. ವಾರದಿಂದ ಸೂರ್ಯನ ಮುಖ ಕಂಡಿರಲಿಲ್ಲ, ಆದರೂ ಅವಳು ಕಪ್ಪು ಕನ್ನಡಕ ಹಾಕಿದ್ದಳು.

ವೆರ್ನರ್ ಮೀನುದೋಣಿಯ ಯಜಮಾನನಾಗಿದ್ದಷ್ಟು ಕಾಲ ಬದುಕಿಗೊಂದು ಲಯವಿತ್ತು. ಅವನು ಸಮುದ್ರದಲ್ಲಿದ್ದಾಗ ಏಟಿಗೆ ರಜೆ. ದೋಣಿ ಮಾರಿ ಅವನು ಅಡುಗೆಮನೆಯ ಮೇಜಿನ ಮುಂದೆ ಕುಳಿತ ಮೇಲೆ ರಜೆ ಮುಗಿಯಿತು. ಕಾಫಿ ತಣ್ಣಗಿದ್ದರೆ, ಬಾಗಿಲು ಕಿರುಗುಟ್ಟಿದರೆ, ಪಕ್ಕದ ಮನೆಯವನು ನಕ್ಕರೆ, ಅವನ ಮುಷ್ಟಿ ತಾನಾಗಿ ಎದ್ದುಬಿಡುತ್ತಿತ್ತು. ಆ ಮುಷ್ಟಿಗೆ ಬೇರೆ ಕೆಲಸ ಹುಡುಕುವುದೇ ತನ್ನ ಉಳಿವಿಗೆ ದಾರಿ ಎಂದು ಅವಳಿಗೆ ಹೊಳೆದದ್ದು, ನೆಲದ ಮೇಲೆ ಬಿದ್ದುಕೊಂಡು ಕುರ್ಚಿಯ ಅಡಿಭಾಗ ನೋಡುತ್ತಿದ್ದಾಗ.

ಅಂಗಡಿಯಲ್ಲಿ ಮಾಡಿನವರೆಗೂ, ಮನೆಯಲ್ಲಿ ಜೋಡಿಸಿ ಕಟ್ಟುವ ಹಡಗಿನ ಕಿಟ್‌ಗಳ ಡಬ್ಬಗಳು. ಅವಳು ನೇರವಾಗಿ ಎಲ್ಲಕ್ಕಿಂತ ದೊಡ್ಡದರ ಮುಂದೆ ನಿಂತಳು. ಮೂರು ಪಟದ ಕಂಬಗಳ ಯುದ್ಧನೌಕೆ, ಮೈತುಂಬ ಫಿರಂಗಿ. ದೊಡ್ಡದಾದಷ್ಟೂ ಹೆಚ್ಚು ದಿನ ಬಾಳುತ್ತದೆ ಎಂಬುದು ಅವಳ ಲೆಕ್ಕ.

“ಮುಂಚೆ ಯಾವತ್ತಾದ್ರೂ ಕಟ್ಟಿದೀರಾ?” ಎಂದು ಕೇಳಿದ ಅಂಗಡಿಯ ಲಾವ್ಸ್ಟ್, ಬೋಳುತಲೆಯ ಸಣಕಲ.

“ನನಗಲ್ಲ, ನಮ್ಮನೆಯವರಿಗೆ. ಇಲ್ಲ, ಅವರೂ ಕಟ್ಟಿಲ್ಲ. ಒಡೆದಿದ್ದೇ ಜಾಸ್ತಿ.”

ಅವನು ನಕ್ಕ. “ಹಾಗಾದ್ರೆ ಅದನ್ನ ಮುಟ್ಲೇಬೇಡಿ. ಮೊದಲ್ನೇ ಸಲ ಎಲ್ರೂ ಮಾಡೋ ತಪ್ಪೇ ಇದು. ಕಣ್ಣಿಗೆ ಚೆಂದ ಕಂಡ ಹಡಗು ತಗೋತಾರೆ, ಕೈಯಲ್ಲಿ ಮುಗಿಯೋ ಹಡಗಲ್ಲ. ಅರ್ಧಕ್ಕೆ ಸಿಕ್ಕಾಕೊಂಡು ಸಿಟ್ಟು ನೆತ್ತಿಗೇರುತ್ತೆ. ಕಿಟಕಿಯಿಂದ ಆಚೆ ಎಸೆದವರಿದಾರೆ ಮೇಡಂ.”

“ಹಡಗನ್ನಾ?”

“ಇನ್ನೇನನ್ನ?”

ಅಗ್ನೇಟೆ ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡಳು. ಲಾವ್ಸ್ಟ್ ಅದನ್ನು ಆಗ ನೋಡಿದ. ಕಿಟಕಿಯ ಹೊರಗಿನ ಮೋಡವನ್ನೂ ನೋಡಿದ. ನಗು ಇಂಗಿತು. ಕೆಳಗಿನ ಸಾಲಿನಿಂದ ಸಣ್ಣ ಡಬ್ಬವೊಂದನ್ನು ತೆಗೆದು ಧೂಳೊರೆಸಿದ.

“ಮೀನುಗಾರರ ಹಳೇ ದೋಣಿ. ಒಂದೇ ಕಂಬ, ಹಗ್ಗ ಕಡಿಮೆ. ಒಡಲು ಅಗಲ, ಹಲಗೆ ಜಾಸ್ತಿ ಬಗ್ಗಿಸೋ ಕೆಲಸ ಇಲ್ಲ. ಬಗ್ಗಿಸೋವಾಗ್ಲೇ ಮುರಿಯೋದು, ಮುರಿದಾಗ್ಲೇ…” ಅವನು ಅಲ್ಲಿಗೇ ನಿಲ್ಲಿಸಿ ಮಾತನ್ನು ಬೇರೆ ಕಡೆಯಿಂದ ಹಿಡಿದ. “ಆಮೇಲೆ ಇದಕ್ಕೆ ಹಲಗೆ ಎರಡು ಪದರ. ಒಳಗಿನ ಪದರ ಎಷ್ಟು ಸೊಟ್ಟಗಿದ್ರೂ ಚಿಂತೆ ಇಲ್ಲ. ಮೇಲಿಂದು ನೀಟಾಗಿ ಕೂತ್ರೆ ಒಳಗೇನಾಗಿದೆ ಅಂತ ಹೊರಗಿನವರಿಗೆ ಗೊತ್ತೇ ಆಗಲ್ಲ.”

“ಅದನ್ನೇ ಕೊಡಿ,” ಎಂದಳು ಅಗ್ನೇಟೆ.

ಲಾವ್ಸ್ಟ್ ಒಂದು ಕಟ್ಟು ಹಲಗೆಪಟ್ಟಿಗಳನ್ನು ಹೆಚ್ಚಿಗೆ ಸೇರಿಸಿ ಕಟ್ಟಿಕೊಟ್ಟ. ಅವನಿಗೆ ಗೊತ್ತಾಗಿತ್ತು. ಗೊತ್ತಾದವರು ಆ ನಾಡಿನಲ್ಲಿ ಮಾಡುತ್ತಿದ್ದದ್ದು ಅಷ್ಟೇ, ಹಲಗೆ ಹೆಚ್ಚಿಗೆ ಕೊಡುತ್ತಿದ್ದರು.

*

ಪೆಟ್ಟಿಗೆ ಮಣ್ಣಿಗಿಳಿಯಿತು. ಯಾನ್ನಿಕ್ ಗುಂಡಿಯ ಅಂಚಿನಲ್ಲಿ ಕಲ್ಲಿನಂತೆ ನಿಂತಿದ್ದ. ಹೊರಡುವಾಗ ಸಿಗ್ನೆ ಕೈ ಹಿಡಿಯಲು ಹೋದಳು. ಅವನು ಮೊಣಕೈಯಿಂದ ಅವಳ ಪಕ್ಕೆಗೆ ತಿವಿದು ಮುಂದೆ ನಡೆದ. ನೋಡಿದವರಿಗೆ ಅದು ದುಃಖವೆಂದು ಕಂಡಿತು.

ಊರಿನ ಸಭಾಭವನದಲ್ಲಿ ಕಾಫಿಯ ಏರ್ಪಾಡಿತ್ತು. ಅಡುಗೆಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಕೆನೆ ಮೆತ್ತಿದ ಪದರದ ಕೇಕನ್ನು ಕೊಯ್ಯುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಅಗ್ನೇಟೆ ತಾನಾಗಿಯೇ ಮಾತು ತೆಗೆದಳು.

“ಚಿಕ್ಕದು ತಗೋ. ಒಂದೇ ಕಂಬದ್ದು. ದೊಡ್ಡದರ ಆಸೆಗೆ ಬೀಳ್ಬೇಡ.”

“ಹೂಂ.”

“ಎರಡು ಪದರದ ಹಲಗೆ ಇರೋದೇ ಕೇಳು. ಅಂಟು ಬೇಗ ಒಣಗೋದು ತರಬೇಡ, ತಪ್ಪಾದ್ರೆ ತಿದ್ದೋಕೆ ಟೈಮ್ ಸಿಗಲ್ಲ. ಒಂದು ಮುಗಿಯೋಕೆ ಮುಂಚೆ ಇನ್ನೊಂದು ಮನೇಲಿರ್ಬೇಕು. ಕೈ ಖಾಲಿ ಬಿಡ್ಲೇಬಾರ್ದು. ಅವನು ಕೂತಿರೋವಾಗ ಹಿಂದೆ ಬಂದು ನಿಲ್ಬೇಡ. ಚೆನ್ನಾಗಿದೆ ಅನ್ನು, ಆದ್ರೆ ಬೇಗ ಅನ್ಬೇಡ, ಸುಳ್ಳು ಅಂತ ಗೊತ್ತಾಗಿಬಿಡುತ್ತೆ.”

ಹೇಳುತ್ತಾ ಹೇಳುತ್ತಾ ಅವಳ ದನಿ ಏರಿತು. ಬದುಕಿನಲ್ಲಿ ಕಲಿತ ಒಂದೇ ಒಂದು ಕಸುಬನ್ನು ಯಾರೂ ಇದುವರೆಗೆ ಕೇಳಿರಲಿಲ್ಲ. ಉಪ್ಪಿನಕಾಯಿ ಹಾಕುವುದನ್ನು ಕಲಿಸುವವಳಂತೆ ಅವಳು ಕಲಿಸಿದಳು. ಹೌದು, ಅವಳಿಗೆ ಹೆಮ್ಮೆಯಾಗಿತ್ತು.

*

ಆ ಮೊದಲ ದೋಣಿಯ ಹಲಗೆಯೊಂದು ಬಗ್ಗಿಸುವಾಗ ಲಟಕ್ಕನೆ ಮುರಿದದ್ದು ಒಂದು ಮಧ್ಯಾಹ್ನ. ಅಗ್ನೇಟೆ ಒಲೆಯ ಮುಂದಿದ್ದಳು. ಹಿಂದಿನಿಂದ ಕುರ್ಚಿ ಸರಿದ ಸದ್ದು ಕೇಳಿ ಅವಳ ಬೆನ್ನು ತಾನಾಗಿ ಬಾಗಿ ತಲೆ ಹೆಗಲೊಳಗೆ ಸೇರಿತು.

ಏಟು ಅವಳಿಗೆ ಬೀಳಲಿಲ್ಲ. ವೆರ್ನರನ ಮುಷ್ಟಿ ದೋಣಿಯ ಒಡಲಿಗೆ ಬಿತ್ತು. ಮತ್ತೆ ಬಿತ್ತು, ಮತ್ತೆ ಬಿತ್ತು. ಚೂರುಗಳು ಒಲೆಯವರೆಗೂ ಹಾರಿದವು. ಆಮೇಲೆ ಅವನು ರಕ್ತ ಸುರಿಯುವ ಕೈಯನ್ನು ಮುಂದೆ ಚಾಚಿ, “ಚಿಮಟ ತಗೊಂಡು ಬಾ,” ಎಂದ. ಅವಳು ಅವನ ಎದುರು ಕೂತು ಒಂದೊಂದೇ ಸಿಬಿರು ಕಿತ್ತಳು. ಕೀಳುವಾಗ ನಗು ಒತ್ತರಿಸಿ ಬಂದು, ಕೆಮ್ಮಿದಂತೆ ಮಾಡಿದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಮರುದಿನವೇ ಅವಳು ಎಸ್ಬಿಯರ್ ಬಸ್ಸು ಹತ್ತಿ ಅದೇ ದೋಣಿಯನ್ನು ಇನ್ನೊಮ್ಮೆ ತಂದಳು.

*

“ಅಂದ್ರೆ ಆಮೇಲೆ ಮಾವ ನಿಮ್ಮ ಮೇಲೆ ಕೈ ಮಾಡ್ಲೇ ಇಲ್ವಾ?” ಎಂದು ಕೇಳಿದಳು ಸಿಗ್ನೆ. ಅವಳ ಕಣ್ಣಿನಲ್ಲಿದ್ದದ್ದು ಆಸೆ. ಅದನ್ನು ನೋಡಲಾಗದೆ ಅಗ್ನೇಟೆ ಕೇಕಿನ ಚಾಕುವನ್ನು ಎರಡೆರಡು ಸಲ ಒರೆಸಿದಳು.

“ಇಲ್ಲ ಅಂತಾನೇ ಅಂದ್ಕೋ.”

ಸಿಗ್ನೆ ಅತ್ತೆಯ ಕೆನ್ನೆಗೆ ಮುತ್ತಿಟ್ಟು ತಟ್ಟೆಗಳನ್ನೆತ್ತಿಕೊಂಡು ಹೊರಗೆ ಹೋದಳು. ಅಗ್ನೇಟೆ ಚಾಕು ಹಿಡಿದು ಅಲ್ಲೇ ನಿಂತಳು. ತನ್ನ ಮೇಲೇ ಅಸಹ್ಯವಾಯಿತು ಅವಳಿಗೆ.

ಉದ್ದನೆಯ ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಗಂಡಸರು ಕಾಫಿಯ ಜೊತೆ ಕಹಿ ಬ್ರಾಂದಿಯನ್ನೂ ಇಳಿಸುತ್ತಿದ್ದರು. ಯಾನ್ನಿಕ್ ಕಾಫಿಯನ್ನು ಬಿಟ್ಟು ಬ್ರಾಂದಿಯನ್ನಷ್ಟೇ ಇಳಿಸುತ್ತಿದ್ದ. ಸತ್ತವನ ಬಗ್ಗೆ ಯಾರು ಬೇಕಾದರೂ ಎದ್ದು ನಾಲ್ಕು ಮಾತಾಡಬಹುದಾದ ಹೊತ್ತು ಅದು. ಕ್ರೆಸ್ಟನ್ ಲೋಟಕ್ಕೆ ಚಮಚ ಬಡಿದು ಎದ್ದ.

“ನಮ್ಮಣ್ಣನ ಬಾಯಿ ಸ್ವಲ್ಪ ಜೋರು. ಆದ್ರೆ ಕೈ ಚಿನ್ನ! ಚರ್ಚಲ್ಲಿ ತೂಗ್ತಿದೆಯಲ್ಲ, ಅದೇ ಸಾಕ್ಷಿ. ಯಾನ್ನಿಕ್, ಅಪ್ಪನ ಉಳಿ, ಚಿಮಟ, ಎಲ್ಲಾ ನಿನಗೇ. ನೀನೂ ಒಂದು ಶುರು ಮಾಡೋ, ಮಾರಾಯ. ಗೋಡೆಗೆ ಚಿಕ್ಕಪ್ಪನ್ನ ಒತ್ತೋ ಬದಲು!”

ಎಲ್ಲರೂ ನಕ್ಕರು. ಸಿಗ್ನೆಯೂ ನಕ್ಕಳು. “ನಾಳೇನೇ ತರ್ತೀನಿ ಚಿಕ್ಕಪ್ಪ. ಯಾವುದು ಅಂತ ಅತ್ತೆ ಎಲ್ಲಾ ಹೇಳ್ಕೊಟ್ಟಿದಾರೆ.”

ಯಾನ್ನಿಕ್ ಮೆಲ್ಲಗೆ ಅವಳ ಕಡೆ ತಿರುಗಿದ. “ಏನು ಹೇಳ್ಕೊಟ್ಟಿದಾರೆ? ನಮ್ಮನೆ ವಿಷಯ ಏನಂತ ಊದಿದೀಯ ನೀನು?”

“ಏನಿಲ್ಲ, ಸುಮ್ನೆ…”

ಅವನ ಕೈ ಅವಳ ಮಣಿಕಟ್ಟನ್ನು ಹಿಡಿದು ಮೇಜಿಗೆ ಅಪ್ಪಳಿಸಿತು. ಕೆಳಗಿದ್ದ ಬಟ್ಟಲು ಪುಡಿಯಾಯಿತು. ಸಿಗ್ನೆ ಕೂಗಲಿಲ್ಲ. ಅಂಗೈಯಿಂದ ರಕ್ತ ಜಿನುಗಿ ಬಿಳಿ ಬಟ್ಟೆಗೆ ಹರಡುತ್ತಿದ್ದರೂ “ಜಾರಿಬಿಡ್ತು, ನನ್ನದೇ ತಪ್ಪು” ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಮೇಜಿನ ಸುತ್ತ ಎಲ್ಲರೂ ಕೇಕು ತಿನ್ನುವುದರಲ್ಲಿ ಮುಳುಗಿದರು.

ಆ ಮಾತು ಅಗ್ನೇಟೆಯದು. ಅದೇ ದನಿ, ಅದೇ ಸಣ್ಣ ನಗು. ಅವಳು ಯಾರಿಗೂ ಅದನ್ನು ಕಲಿಸಿರಲಿಲ್ಲ, ಆದರೂ ಸೊಸೆ ಕಲಿತಿದ್ದಳು.

ಅಗ್ನೇಟೆ ಎದ್ದು ಲೋಟಕ್ಕೆ ಚಮಚ ಬಡಿದಳು. ವಿಧವೆ ಮಾತಾಡುತ್ತಾಳೆ ಎಂದು ಎಲ್ಲರೂ ಮುಖ ಸರಿಮಾಡಿಕೊಂಡರು. ಅವಳು ಬಾಯಿಗೆ ಬೆರಳು ಹಾಕಿ ಮೇಲಿನ ಸಾಲಿನ ಕಟ್ಟುಹಲ್ಲನ್ನು ತೆಗೆದು ಕ್ರೆಸ್ಟನ್‌ನ ತಟ್ಟೆಯ ಪಕ್ಕದಲ್ಲಿಟ್ಟಳು. ಕೆನ್ನೆಗಳು ಒಳಕ್ಕೆ ಕುಸಿದವು.

“ಅಯ್ಯೋ ಅತ್ತಿಗೆ, ಏನಿದು…”

“ಮಂಜಲ್ಲಿ ಜಾರಿ ಬಿದ್ದೆ ಅಂದಿದ್ದೆ ನಿಮಗೆಲ್ಲ.” ಮಾತು ಗಾಳಿಯೊಂದಿಗೆ ತೊದಲಿ ಬಂದರೂ ಸ್ಪಷ್ಟವಾಗಿತ್ತು. “ಜಾರಲಿಲ್ಲ ಕ್ರೆಸ್ಟನ್. ಚರ್ಚಿನ ಹಡಗು ಕಟ್ತಿದ್ದಾಗ ಅಂಟಿನ ಸೀಸೆಗೆ ಮುಚ್ಚಳ ಹಾಕೋದು ಮರೆತಿದ್ದೆ. ಅಂಟು ಗಟ್ಟಿಯಾಗಿಬಿಡ್ತು. ನಿಮ್ಮಣ್ಣ ಸುತ್ತಿಗೆಯ ಹಿಡಿಯಿಂದ ಹೊಡೆದ. ಹಡಗಿಗಲ್ಲ. ಹಡಗು ಅಷ್ಟೊತ್ತಿಗೆ ತುಂಬಾ ಚೆನ್ನಾಗಿ ಬಂದಿತ್ತು, ಅದಕ್ಕೆ ಹೊಡೆಯೋಕೆ ಅವನಿಗೆ ಮನಸ್ಸು ಬರಲಿಲ್ಲ.”

ಯಾರೂ ಅಗಿಯಲಿಲ್ಲ.

“ಅಮ್ಮಾ, ಕೂತ್ಕೋ,” ಎಂದ ಯಾನ್ನಿಕ್.

“ಸಿಗ್ನೆ, ಅಡುಗೆಮನೇಲಿ ನಾನು ಹೇಳಿದ್ದೆಲ್ಲ ಸುಳ್ಳು. ಚಿಕ್ಕದೂ ಬೇಡ, ದೊಡ್ಡದೂ ಬೇಡ, ಯಾವ ಹಡಗೂ ತರಬೇಡ. ಇವನ ಕೈಗೆ ಕೆಲಸ ಹುಡುಕೋದು ನಿನ್ನ ಕೆಲಸ ಅಲ್ಲಮ್ಮ. ಕಾರಿನ ಕೀ ನಿನ್ನ ಹತ್ರ ಇದೆ ತಾನೆ? ಎದ್ದೇಳು. ಕೋಟು ಬಿಡು, ಹಾಗೇ ಹೋಗು.”

ಸಿಗ್ನೆ ಅತ್ತೆಯ ಬಾಯಿಯನ್ನು ನೋಡಿದಳು. ಕೈಗೆ ಬಟ್ಟೆ ಸುತ್ತಿಕೊಂಡಳು, ಕುರ್ಚಿ ಹಿಂದಕ್ಕೆ ತಳ್ಳಿದಳು. ಬಾಗಿಲವರೆಗೆ ನಡೆದು, ಅಲ್ಲಿಂದ ಓಡಿದಳು.

ಯಾನ್ನಿಕ್ ಮೇಜನ್ನೇ ಅಲುಗಾಡಿಸಿ ಎದ್ದ. ಅವನು ಬಾಗಿಲು ಮುಟ್ಟುವಷ್ಟರಲ್ಲಿ ಅಗ್ನೇಟೆ ಅಲ್ಲಿದ್ದಳು, ಎರಡೂ ಕೈ ಚಾಚಿ ಚೌಕಟ್ಟಿನ ಎರಡೂ ಕಡೆ ಹಿಡಿದು.

“ಪಕ್ಕಕ್ಕೆ ಸರಿ ಅಮ್ಮ.”

“ಇಲ್ಲ.”

“ಸರಿ ಅಂದೆ!”

ಈ ಸಲ ಅವಳು ಮಣಿಕಟ್ಟಿನ ಮೇಲೆ ಬೆರಳಿಡಲಿಲ್ಲ, ಕಂದ ಅನ್ನಲಿಲ್ಲ. ಊರಿನ ಎದುರಿಗೆ, ಹಗಲು ಬೆಳಕಿನಲ್ಲಿ, ಮಗನ ಕೈ ಅವಳ ಕೆನ್ನೆಗೆ ಬಿತ್ತು. ತಲೆ ಚೌಕಟ್ಟಿಗೆ ಬಡಿಯಿತು. ಹಿಂದೆ ಕುರ್ಚಿಗಳು ಧಡಧಡನೆ ಉರುಳಿದವು, ಕ್ರೆಸ್ಟನ್ “ಏಯ್!” ಎಂದು ಕಿರುಚಿದ. ಹೊರಗೆ ಜಲ್ಲಿಯ ಮೇಲೆ ಕಾರಿನ ಚಕ್ರ ಒಮ್ಮೆ ಸುಮ್ಮನೆ ತಿರುಗಿ, ಹಿಡಿತ ಸಿಕ್ಕಿ, ಹೊರಟಿತು. ಕಾರು ಡಾಂಬರು ರಸ್ತೆಗೆ ಏರಿದ ಸದ್ದು ಕೇಳುವವರೆಗೂ ಅಗ್ನೇಟೆ ಚೌಕಟ್ಟಿನಿಂದ ಕೈ ತೆಗೆಯಲಿಲ್ಲ.